ಹಸಿ ಬಣವೆ

೭೮೬
ಮಣ್ಣೂರ, ತಾಲೂಕು ಅಫಜಲಪೂರ
೧೨ ಅಕ್ಟೋಬರ್ ೧೯೮೬

ಮಾದನಹಿಪ್ಪರಗಾದ ಗುರಣ್ಣನವರಿಗೆ ಗಿಡ ಸವರುವ ಮೆಹಬೂಬನ ಸಲಾಂ.

ಎಂಟೂವರೆ ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಸಿಟ್ಟು ಬರಬಹುದು. ಬರಲಿ. ಹರಿಯುವ ಮೊದಲು ಒಂದು ಸಲ ಓದಿರಿ. ನಾಲ್ಕನೆಯ ಇಯತ್ತೆಯವರೆಗೆ ಒಂದೇ ಪಾಟಿಯ ಮೇಲೆ ಬರೆದವರು ನಾವು, ಅಷ್ಟು ಹಕ್ಕು ಇನ್ನೂ ಉಳಿದಿದೆ ಅಂದುಕೊಂಡಿದ್ದೇನೆ.

ನನ್ನ ಮಗಳು ಮುಮತಾಜಗೆ ಹತ್ತೊಂಬತ್ತು ತುಂಬಿತು. ಮಟಕಿ ಊರಿನ ಜಹೀರುದ್ದೀನ ಸಾಹೇಬರು ತಮ್ಮ ಮಗನಿಗೆ ಕೇಳಿದ್ದರು. ಹುಡುಗನದು ಆಳಂದದಲ್ಲಿ ಸೈಕಲ್ ದುರಸ್ತಿ ಅಂಗಡಿ, ಒಳ್ಳೆಯ ಹುಡುಗ. ಎಲ್ಲ ಒಪ್ಪಿಗೆಯಾಗಿತ್ತು. ಆಮೇಲೆ ಯಾರೋ ಕಿವಿ ಊದಿದರು. "ಆ ಮೆಹಬೂಬ ಅಂದ್ರ ಹಿಪ್ಪರಗಾದಾಗ ಬಣಿವಿಗಿ ಬೆಂಕಿ ಇಟ್ಟಾಂವ ಅಲ್ಲೇನ್ರಿ? ಗುರಣ್ಣನ ಹೆಂಡತಿ ಸತ್ತದ್ದು ಅದರಾಗs ಅಲ್ಲೇನು?" ಅಂದರಂತೆ. ನಾನು ಹೋಗಿ ಅಲ್ಲ ಅಂದೆ. ಜಹೀರುದ್ದೀನ ಸಾಹೇಬರು ಮರ್ಯಾದೆಯ ಮನುಷ್ಯ, ಚಾ ಕೊಟ್ಟರು. "ಬೆಂಕಿ ಇಲ್ದ ಹೊಗಿ ಆಡತದೇನ್ ಮೆಹಬೂಬಭಾಯಿ?" ಅಂತ ಮೆಲ್ಲಗೆ ಕೇಳಿದರು. ಕೂಡಿಟ್ಟ ಮೇವು ಸುಡುವವನ ಮನೆಯ ಹೆಣ್ಣು ಯಾರಿಗೆ ಬೇಕು ಹೇಳಿರಿ. ಕೊಲೆ ಮಾಡಿದವನಿಗಾದರೂ ಊರಿನಲ್ಲಿ ಒಂದು ಮೂಲೆ ಸಿಗುತ್ತದೆ, ಬಣವೆ ಸುಟ್ಟವನಿಗೆ ಸಿಗುವುದಿಲ್ಲ.

ಆವತ್ತು ಸುಮಿತ್ರಾಬಾಯಿಯ ಹೆಣದ ಮುಂದೆ ನಿಂತು ನನ್ನ ಹೆಸರು ಕೂಗಿದವರು ನೀವು. ಊರು ನಂಬಿದ್ದು ನಿಮ್ಮ ಬಾಯಿ. ಈಗ ಒಂದು ಸಾಲು ಬರೆದುಕೊಡಿರಿ: ಮೆಹಬೂಬ ಬೆಂಕಿ ಇಟ್ಟಿಲ್ಲ. ಕೆಳಗೆ ನಿಮ್ಮ ಸಹಿ. ನನಗಾಗಿ ಬೇಡ, ಹುಡುಗಿಗಾಗಿ. ಚಿಕ್ಕವಳಿದ್ದಾಗ ಅವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದವರು ನಿಮ್ಮ ಮನೆಯವರೇ.

ಇಷ್ಟೇ ನನ್ನ ಅರಿಕೆ.

ಮೆಹಬೂಬ

*

ಶ್ರೀ ಗುರು ಬಸವಲಿಂಗಾಯ ನಮಃ
ಮಾದನಹಿಪ್ಪರಗಾ
೩೦ ನವೆಂಬರ್ ೧೯೮೬

ಮೆಹಬೂಬನಿಗೆ,

ಪತ್ರ ಮುಟ್ಟಿತು. ಉತ್ತರಕ್ಕೆ ತಡವಾಯಿತು. ತೊಗರಿಯ ಔಷಧ ಹೊಡೆಯುವ ಕೆಲಸ, ಅದು ಇದು ಅಂತ ನೆವ ಹೇಳಬಹುದು. ಹೇಳುವುದಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ.

ಮುಮತಾಜ ಅಷ್ಟು ದೊಡ್ಡವಳಾದಳೇ? ನನ್ನ ಕಣ್ಣಲ್ಲಿ ಅವಳು ಇನ್ನೂ ಲಂಗದ ಹುಡುಗಿ.

ನೀನು ಕೇಳಿದ್ದರ ವಿಚಾರ ಮಾಡುತ್ತಿದ್ದೇನೆ. ಸಹಿ ಮಾಡುವುದು ಅಂದರೆ ಊರು ಹಿರಿಯರ ಮಾತೂ ಬರುತ್ತದೆ. ಸ್ವಲ್ಪ ಸಮಯ ಕೊಡು.

ಈ ನಡುವೆ ಒಂದು ಮಾತು. ಹೊಲದ ಮನೆಯ ಬೇವು ನೆನಪಿದೆಯಲ್ಲ? ಆ ಬೆಂಕಿಯಲ್ಲಿ ಸತ್ತೇ ಹೋಯಿತು ಅಂದುಕೊಂಡಿದ್ದೆವು, ಸಾಯಲಿಲ್ಲ. ಪಡುವಣ ಕಡೆ ಒಣಗಿ ಕರ್ರಗೆ ನಿಂತಿದೆ, ಮೂಡಣ ಕಡೆ ವರ್ಷ ವರ್ಷ ಚಿಗುರುತ್ತದೆ. ಒಣ ಟೊಂಗೆಗಳು ಮಾಳಿಗೆಯ ಮೇಲೆ ಬಾಗಿವೆ. ಬದುವಿನ ತುಂಬ ಹುಲ್ಲು ಎದೆಮಟ ಬಂದಿದೆ. ಪಕ್ಕದ ಹೊಲದವರು ಫೆಬ್ರುವರಿಯಲ್ಲಿ ತಮ್ಮ ಬದುವಿಗೆ ಕಡ್ಡಿ ಗೀರುತ್ತಾರೆ, ಗಾಳಿ ಇತ್ತ ತಿರುಗಿದರೆ ಮುಗಿಯಿತು. ಊರಲ್ಲಿ ಯಾರನ್ನು ಕರೆದರೂ ಆ ಗಿಡ ಹತ್ತಲು ಒಲ್ಲೆ ಅನ್ನುತ್ತಾರೆ. "ಅದರಾಗ ಸುಮಿತ್ರಾಬಾಯಿ ಅದಾಳ" ಅನ್ನುತ್ತಾರೆ. ಮೂರ್ಖರು. ಅದರ ಮಗ್ಗುಲಲ್ಲೇ ಎಂಟು ವರ್ಷದಿಂದ ಮಲಗುತ್ತೇನೆ, ನನಗೆ ಒಂದು ದಿನವೂ ಸಿಗಲಿಲ್ಲ.

ಏನು ಮಾಡಲಿ? ಬುಡಸಮೇತ ಕಡಿಸಲೇ?

ಮನೆಯಲ್ಲಿ ಬೀಬಿಜಾನಗೆ ಕೇಳಿದೆನೆಂದು ಹೇಳು.

ಗುರಣ್ಣ

*

ಮಣ್ಣೂರ
೧೪ ಡಿಸೆಂಬರ್ ೧೯೮೬

ಗುರಣ್ಣನವರಿಗೆ ಸಲಾಂ.

ನಾನು ಮಗಳ ಮಾತು ಕೇಳಿದೆ, ನೀವು ಗಿಡದ ಮಾತು ಹೇಳಿದಿರಿ. ಪತ್ರ ಓದಿ ಬೀಬಿಜಾನ ಹಣೆ ಹಣೆ ಬಡಿದುಕೊಂಡಳು. "ನೀವು ಒಲಿ ಅಂದ್ರ ಅವ್ರು ಬಾವಿ ಅಂತಾರ" ಅಂದಳು. ಉತ್ತರ ಬರೆಯಬೇಡಿರಿ ಅಂತ ಎರಡು ದಿನ ಜಗಳ ಮಾಡಿದಳು.

ಆದರೂ ಬರೆಯುತ್ತಿದ್ದೇನೆ. ಗಿಡ ಏನು ತಪ್ಪು ಮಾಡಿದೆ?

ಕಡಿಸಬೇಡಿರಿ. ಬೇವು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಮೊದಲು ಒಂದು ಮೊಳೆ ತೆಗೆದುಕೊಂಡು ತೊಗಟೆ ಕೆರೆದು ನೋಡಿರಿ. ಒಳಗೆ ಹಸಿರು ಕಂಡರೆ ಜೀವ ಇದೆ, ಕಂದು ಕಂಡರೆ ಇಲ್ಲ. ಬುಡದಿಂದ ಶುರುಮಾಡಿ ಮೇಲೆ ಹೋಗುತ್ತ ಗೇಣು ಗೇಣಿಗೆ ಕೆರೆಯಿರಿ. ಎಲ್ಲಿ ಹಸಿರು ನಿಲ್ಲುತ್ತದೋ ಅಲ್ಲಿ ಸುಣ್ಣದಿಂದ ಗುರುತು ಹಾಕಿರಿ. ಒಣಗಿದ್ದಷ್ಟನ್ನೇ ತೆಗೆಯಬೇಕು. ದೊಡ್ಡ ಟೊಂಗೆಯನ್ನು ಒಂದೇ ಪೆಟ್ಟಿಗೆ ಮೇಲಿಂದ ಕಡಿದರೆ ಅದು ಬೀಳುವಾಗ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಮೇಲಿಂದ. ಬುಡಕ್ಕೆ ತೀರ ಒತ್ತಿ ಕಡಿಯಬಾರದು, ಟೊಂಗೆ ಹುಟ್ಟುವಲ್ಲಿ ಕೊರಳಿನಂತೆ ಉಬ್ಬು ಇರುತ್ತದೆ, ಅದನ್ನು ಉಳಿಸಬೇಕು. ಆ ಕೊರಳೇ ಗಾಯ ಮುಚ್ಚುತ್ತದೆ.

ಸವರುವವರು ಸಿಗದಿದ್ದರೆ ಕೆಳಗಿನ ಕೆಲಸವನ್ನಾದರೂ ನೀವೇ ಮಾಡಿರಿ. ಕೈ ಎತ್ತಿ ನಿಂತರೆ ಸಿಗುವಷ್ಟು ಎತ್ತರದವರೆಗೆ ಒಂದು ರೆಂಬೆಯೂ ಇರಬಾರದು. ಬೆಂಕಿ ಹುಲ್ಲಿನಿಂದ ರೆಂಬೆಗೆ, ರೆಂಬೆಯಿಂದ ನೆತ್ತಿಗೆ ಹತ್ತುತ್ತದೆ, ಮೆಟ್ಟಿಲು ನಾವೇ ಇಟ್ಟುಕೊಟ್ಟ ಹಾಗೆ. ಉದುರಿದ ಎಲೆ ದಿನಾ ಗುಡಿಸಿರಿ. ಮನೆಯ ಸುತ್ತ ಇಪ್ಪತ್ತು ಹೆಜ್ಜೆ ಹುಲ್ಲು ಕೆತ್ತಿ ಬರೀ ನೆಲ ಮಾಡಿರಿ. ಬಣವೆ ಮನೆಯಿಂದಲೂ ಗಿಡದಿಂದಲೂ ನಲವತ್ತು ಹೆಜ್ಜೆ ದೂರ ಇರಲಿ, ಅದೂ ಪಡುವಣಕ್ಕೆ ಬೇಡ, ಬೇಸಿಗೆಯ ಗಾಳಿ ಆ ಕಡೆಯಿಂದ ಬರುತ್ತದೆ.

ಇದನ್ನೆಲ್ಲ ಮೊದಲೂ ಹೇಳಿದ್ದೆ.

ನನ್ನ ಕೆಲಸ ಈಗ ಜೇವರ್ಗಿ ಕಡೆ ರಸ್ತೆಯ ಗಿಡ ಸವರುವುದು. ಹೋಗುವ ಮೊದಲು ನಿಮ್ಮ ಒಂದು ಸಾಲು ಬಂದರೆ ಮಟಕಿಗೆ ಹೋಗಿಬರುತ್ತೇನೆ.

ಮೆಹಬೂಬ

*

ಮಾದನಹಿಪ್ಪರಗಾ
೨೦ ಜನವರಿ ೧೯೮೭

ಮೆಹಬೂಬ,

ನೀನು ಹೇಳಿದಂತೆ ಮಾಡಿದೆ. ಮೊಳೆ ಹಿಡಿದು ತೊಗಟೆ ಕೆರೆದೆ. ಪಡುವಣ ಕಡೆಯೂ ಎದೆಮಟದವರೆಗೆ ಹಸಿರಿದೆಯೋ ಮಾರಾಯಾ! ನಾನು ಅದನ್ನು ಸತ್ತದ್ದೆಂದೇ ಇಟ್ಟುಕೊಂಡಿದ್ದೆ. ಸುಣ್ಣದ ಗುರುತು ಹಾಕಿ ಅಲ್ಲೇ ಕುಳಿತುಬಿಟ್ಟೆ, ಊಟಕ್ಕೂ ಏಳಲಿಲ್ಲ.

ಅಕ್ಕ ಸುಂದರಬಾಯಿ ಈಗ ನನ್ನ ಜೊತೆಗೇ ಇದ್ದಾಳೆ. ಭಾವ ತೀರಿದ ಮೇಲೆ ಇಲ್ಲಿಗೇ ಬಂದಳು. ಅವಳ ನಾಲಿಗೆ ನಿನಗೆ ಗೊತ್ತೇ ಇದೆ. ನಿನ್ನ ಎರಡೂ ಪತ್ರ ಹೇಗೋ ಕೈಗೆ ಹತ್ತಿ ಓದಿಬಿಟ್ಟಿದ್ದಾಳೆ. ಗಿಡದ ಕೆಳಗೇ ಬಂದು ನಿಂತು ಶುರುಮಾಡಿದಳು. "ಗಿಡದ ತೊಗಟಿ ಕೆರೀಲಾಕ ಬರತದ, ನಿನ್ನ ಎದಿ ಕೆರಕೊಳ್ಳಾಕ ಬರಂಗಿಲ್ಲೇನೊ ಗುರ್ಯಾ? ಆ ಹೆಣ್ಣುಕೂಸು ನಿನಗೇನು ಮಾಡ್ಯಾದ? ಒಂದು ಸಾಲು ಬರದ್ರ ನಿನ್ನ ಗಂಟೇನ್ ಹೋಗತದ?"

ಗಂಟು ಹೋಗುತ್ತದೆ ಮೆಹಬೂಬ. ಏನೆಂದು ಅವಳಿಗೆ ಹೇಳಲಾಗಲಿಲ್ಲ, ನಿನಗೂ ಈ ಪತ್ರದಲ್ಲಿ ಹೇಳಲಾಗುತ್ತಿಲ್ಲ.

ಆದರೆ ನಾನೂ ಒಂದು ಕೇಳಬೇಕು. ಆವತ್ತು ನಾನು ಆಳಂದದ ಸಂತೆಯಿಂದ ಬಂದಾಗ ಎಲ್ಲರಿಗಿಂತ ಮೊದಲು ಅಲ್ಲಿ ನೀನಿದ್ದಿ. ನಿನ್ನ ಎರಡೂ ಕೈ ಸುಟ್ಟಿದ್ದವು. ನಾನು ನಿನ್ನ ಹೆಸರು ಕೂಗಿದೆ. ಹೌದು, ಕೂಗಿದೆ. ನೀನು ಯಾಕೆ ಅಲ್ಲ ಅನ್ನಲಿಲ್ಲ? ನನ್ನ ಕಪಾಳಕ್ಕೆ ಹೊಡೆಯಬೇಕಿತ್ತು. ಚಾವಡಿಯಲ್ಲಿ ಹಿರಿಯರು ಊರು ಬಿಡು ಅಂದರು, ನೀನು ತಲೆ ತಗ್ಗಿಸಿ ಎರಡು ದಿನದಲ್ಲಿ ಗಂಟುಮೂಟೆ ಕಟ್ಟಿದಿ. ನಿನ್ನ ಆ ಸುಮ್ಮನಿರುವಿಕೆಯನ್ನೇ ಊರು ಸಾಕ್ಷಿ ಮಾಡಿಕೊಂಡಿತು. ನಾನೂ ಮಾಡಿಕೊಂಡೆ.

ಅದೊಂದು ನನಗೆ ಬಗೆಹರಿಯದ ಮಾತು.

ಗುರಣ್ಣ

*

ಜೇವರ್ಗಿ
೮ ಫೆಬ್ರುವರಿ ೧೯೮೭

ಗುರಣ್ಣನವರಿಗೆ,

ಮಟಕಿಯಿಂದ ಮಾತು ಬಂದಿದೆ. ಯುಗಾದಿಯವರೆಗೆ ನೋಡುತ್ತಾರಂತೆ, ಆಮೇಲೆ ಬೇರೆ ಕಡೆ ಹೆಣ್ಣು ನೋಡುತ್ತಾರೆ. ಮುಮತಾಜ ಅನ್ನ ಬಿಟ್ಟಿಲ್ಲ, ಅತ್ತಿಲ್ಲ. "ಅಬ್ಬಾ, ಯಾರಿಗೂ ಕೈ ಮುಗೀಬ್ಯಾಡ್ರಿ" ಅಂದಳು, ಅಷ್ಟೇ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಗಿಡದ ವಿಚಾರ ಇನ್ನು ಬೇರೆ ಯಾರಿಗಾದರೂ ಕೇಳಿರಿ.

ಮೆಹಬೂಬ

*

ಮಾದನಹಿಪ್ಪರಗಾ
೨ ಮಾರ್ಚ್ ೧೯೮೭

ಗೆಳೆಯ ಮೆಹಬೂಬ,

ಎಂಟು ವರ್ಷದಿಂದ ನುಂಗಿದ್ದನ್ನು ಇವತ್ತು ಕಾರಿಕೊಳ್ಳುತ್ತೇನೆ. ಅಡ್ಡ ಬಾಯಿ ಹಾಕದೆ ಓದು.

ಆ ವರ್ಷ ನನಗೆ ಮೈಮೇಲೆ ಅಮ್ಮನ ಗುಳ್ಳೆ ಎದ್ದು ಬದುಕಿ ಉಳಿದೆನಲ್ಲ, ಆಗ ಸುಮಿತ್ರಾ ಹರಕೆ ಹೊತ್ತಿದ್ದಳು. ಅಂಗಳದ ಬೇವಿನಲ್ಲಿ ತಾಯಿ ಇದ್ದಾಳೆ, ಒಂದು ವರ್ಷ ಅದಕ್ಕೆ ಕೊಡಲಿ ತಾಕಿಸುವುದಿಲ್ಲ ಅಂತ. ಹೀಗಾಗಿ ಟೊಂಗೆ ನೆಲಕ್ಕೆ ಇಳಿದಿದ್ದವು. ಶಿವರಾತ್ರಿಯ ಮೇಲೆ ಅಕಾಲದ ಮಳೆ ಬಂತು. ಕೊಯ್ದ ಜೋಳದ ಕಣಕಿ, ಹುಲ್ಲು ಎಲ್ಲ ನೆನೆಯಿತು. ಹರವಿ ಒಣಗಿಸಲು ಆಳು ಸಿಗಲಿಲ್ಲ. ಇನ್ನೊಂದು ಮಳೆ ಬಂದೀತೆಂಬ ಅವಸರ ಬೇರೆ. "ಮ್ಯಾಲ ಬಿಸಿಲು ಅದ, ತಾನs ಒಣಗತದ" ಅಂತ ಹಸಿಹಸಿಯನ್ನೇ ಒಟ್ಟಿಸಿದೆ. ಗಿಡದ ನೆರಳಿದೆ, ಮನೆಗೆ ಹತ್ತಿರ ಆಗುತ್ತದೆ ಅಂತ ಬೇವಿನ ಕೆಳಗೇ ಒಟ್ಟಿಸಿದೆ.

ಮೂರು ವಾರಕ್ಕೆ ಬಣವೆಯಿಂದ ಬೆಲ್ಲ ಕುದಿಸಿದ ವಾಸನೆ ಬರತೊಡಗಿತು. ಮುಂಜಾನೆ ನೆತ್ತಿಯಿಂದ ಹಬೆ ಏಳುತ್ತಿತ್ತು. ಸುಮಿತ್ರಾ ಕೈ ಒಳಗೆ ಹಾಕಿ ಚಟ್ಟನೆ ತೆಗೆದಳು. "ಒಳಗ ಕುದ್ಯಾಕತ್ತದ ನೋಡ್ರಿ, ಕೆಡವಿ ಹರವಸ್ರಿ" ಅಂದಳು. ನಾಳೆ ಸಂತೆ ಮುಗಿಸಿ ಬಂದು ನೋಡುತ್ತೇನೆ ಅಂದೆ. ನಾನು ಸಂತೆಯಲ್ಲಿ ಎತ್ತಿನ ಹಗ್ಗಕ್ಕೆ ಚೌಕಾಸಿ ಮಾಡುವ ಹೊತ್ತಿಗೆ ಬಣವೆ ತಾನೇ ಹತ್ತಿಕೊಂಡಿದೆ. ಗಿಡಕ್ಕೆ ಕಟ್ಟಿದ ಎತ್ತು ಬಿಚ್ಚಲು ಇವಳು ಓಡಿದ್ದಾಳೆ. ನಾನು ಸವರಗೊಡದಿದ್ದ ಟೊಂಗೆಯೇ ಉರಿದು ಅವಳ ಮೇಲೆ ಬಿತ್ತು.

ಊರೊಳಗೆ ಕಾಲಿಟ್ಟು ಹೊಗೆ ನೋಡಿದ ಕೂಡಲೇ ನನಗೆ ತಿಳಿದಿತ್ತು. ನೆನಪಿಟ್ಟುಕೋ, ಆಗಲೇ ತಿಳಿದಿತ್ತು. ಆದರೆ ಅವಳ ಮುಖ ನೋಡಿ ನಾನೇ ಕೊಂದೆ ಅನ್ನಲು ಬಾಯಿ ಬರಲಿಲ್ಲ. ಎದುರಿಗೆ ನೀನು ನಿಂತಿದ್ದಿ. ಹಿಂದಿನ ದಿನ ಟೊಂಗೆ ಸವರುವ ಮಾತಿಗೆ ನಾವು ಜಗಳಾಡಿದ್ದು ನಾಲ್ಕು ಜನ ಕೇಳಿದ್ದರು. ನಿನ್ನ ಹೆಸರು ಬಾಯಿಗೆ ಬಂತು. ಒಮ್ಮೆ ಆಡಿದ ಮೇಲೆ ಅದನ್ನೇ ನಂಬಿಕೊಂಡು ಬದುಕಿದೆ. ನಾನು ಪಾಪಿ ಮೆಹಬೂಬ.

ಶಿವರಾತ್ರಿಯ ದಿನ ಗುಡಿಯ ಮುಂದೆ ಊರೆಲ್ಲ ಕೂಡಿತ್ತು. ಎದ್ದು ನಿಂತು ಹೇಳಿದೆ. ಒಬ್ಬರೂ ನಂಬಲಿಲ್ಲ! "ಬಣಿವಿ ತಾನs ಹತ್ತತದೇನೊ ಮಾರಾಯಾ? ಯಾರ ಮುಂದ ಕಥಿ ಹೇಳ್ತೀದಿ?" ಅಂತ ಚಾವಡಿಯ ಹಿರಿಯ ಬಸವಂತರಾಯ ನಕ್ಕುಬಿಟ್ಟ. ಕೊರಳಿನ ಲಿಂಗ ಬಿಚ್ಚಿ ಅಂಗೈಯಲ್ಲಿ ಹಿಡಿದೆ. "ಹಸಿ ಕಣಕಿ ಒಟ್ಟಿದಾಂವ ನಾನು, ಗಿಡ ಸವರಗೊಡದಾಂವ ನಾನು, ಸುಳ್ಳು ಹೇಳಿದಾಂವ ನಾನು. ಮೆಹಬೂಬ ಬೆಂಕಿ ಇಟ್ಟಿಲ್ಲ" ಅಂದೆ. ಆಮೇಲೆ ಯಾರೂ ನಗಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು.

ಮರುದಿನ ಬಸ್ಸು ಹಿಡಿದು ಮಟಕಿಗೆ ಹೋದೆ. ಜಹೀರುದ್ದೀನ ಸಾಹೇಬರ ಮುಂದೆ ಇದನ್ನೇ ಹೇಳಿ ಬರೆದೂ ಕೊಟ್ಟೆ. ಓದಿ, ಮಡಚಿ ಜೇಬಿಗೆ ಇಟ್ಟುಕೊಂಡರು. "ಇಷ್ಟು ದೂರ ಬಂದು ಯಾರೂ ಸುಳ್ಳು ಹೇಳಂಗಿಲ್ಲ. ಹುಡುಗಿ ನಮ್ಮಾಕೀನ" ಅಂದರು. ರಮಜಾನ ಮುಗಿದ ಮೇಲೆ ನಿಕಾಹ ಅಂತ ತಾವೇ ನಿನಗೆ ಹೇಳಿಕಳಿಸುತ್ತಾರೆ.

ಎಂಟು ವರ್ಷ ವಾಪಸ್ಸು ಕೊಡಲು ನನ್ನಿಂದ ಆಗುವುದಿಲ್ಲ. ಸಾಧ್ಯವಿದ್ದರೆ ಹೊಟ್ಟೆಗೆ ಹಾಕಿಕೊ. ಬೇವಿನ ಸುಣ್ಣದ ಗುರುತು ಹಾಗೇ ಇದೆ. ನೀನು ಬಂದು ಸವರಿದರೆ ಗಿಡ ಉಳಿಯುತ್ತದೆ.

ನಿನ್ನ
ಗುರಣ್ಣ

*

ಮಣ್ಣೂರ
೫ ಏಪ್ರಿಲ್ ೧೯೮೭

ಗುರಣ್ಣಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಮಟಕಿಯವರು ಬಂದು ಸಕ್ಕರೆ ಹಂಚಿ ಹೋದರು. ಮುಮತಾಜ ಆವತ್ತು ಅತ್ತಳು. ಬೀಬಿಜಾನ ನಿನಗೆ ದುವಾ ಮಾಡುತ್ತಾಳೆ, ಐದೂ ಹೊತ್ತು. ಮನೆಯಲ್ಲಿ ಹಬ್ಬ ನಡೆದಿದೆ, ನಾನು ಮಾತ್ರ ಮೂಲೆ ಹಿಡಿದು ಈ ಪತ್ರ ಬರೆಯುತ್ತಿದ್ದೇನೆ.

ಯಾಕೆ ಅಲ್ಲ ಅನ್ನಲಿಲ್ಲ ಅಂತ ಕೇಳಿದ್ದಿ. ಉತ್ತರವಿಲ್ಲ ಅಂತ ಬರೆದೆ. ಸುಳ್ಳು ಬರೆದೆ.

ಹಿಂದಿನ ದಿನ ನಾನು ನಿನ್ನ ಹೊಲಕ್ಕೆ ಬಂದದ್ದು ಟೊಂಗೆಯ ಸಲುವಾಗಿ ಅಷ್ಟೇ ಅಲ್ಲ. ನೀನು ಕಣದಲ್ಲಿದ್ದಿ. ನಿನ್ನನ್ನು ಕಾಯುತ್ತ ಬಣವೆಗೆ ಬೆನ್ನು ಕೊಟ್ಟು ನಿಂತೆ. ಬೆನ್ನಿಗೆ ಬಿಸಿ ಹತ್ತಿತು. ಮೊಣಕೈವರೆಗೆ ಕೈ ಹಾಕಿ ನೋಡಿದೆ. ಕೆಂಡದ ಒಲೆಯ ಮುಂದೆ ಹಿಡಿದ ಹಾಗಾಯಿತು. ನೀನು ಬರೀ ಮೇವು ಕೆಡುತ್ತದೆ ಅಂದುಕೊಂಡಿರಬಹುದು. ನಾನು ಗಿಡ, ಕಟ್ಟಿಗೆ, ಬೆಂಕಿಯಲ್ಲೇ ಬೆಳೆದವನು. ನನ್ನ ಅಪ್ಪ ಒಂದು ಹಸಿ ಬಣವೆ ಹತ್ತಿದ್ದನ್ನು ಕಣ್ಣಾರೆ ಕಂಡವನು, ನನಗೂ ಹೇಳಿಕೊಟ್ಟಿದ್ದ. ನಾಳೆಯೋ ನಾಡಿದ್ದೋ ಇದು ಹತ್ತುತ್ತದೆ ಅಂತ ನನಗೆ ಗೊತ್ತಾಯಿತು.

ಹೇಳಬೇಕೆಂದೇ ನಿನ್ನ ಹತ್ತಿರ ಬಂದೆ. ಮೊದಲು ಟೊಂಗೆಯ ಮಾತು ತೆಗೆದೆ. ನೀನು ಕೂಲಿಯವರ ಮುಂದೆ ಏನಂದಿ? "ಕಟಗಿ ಆಸೇಕ ಹೆದರಸಾಕ ಬಂದೀದೇನಲೇ?" ಅಂದಿ. ಸವರಿದ ಕಟ್ಟಿಗೆ ಸವರಿದವನಿಗೆ ಅನ್ನುವುದು ನಮ್ಮಪ್ಪನ ಕಾಲದಿಂದ ನಡೆದುಬಂದದ್ದು. ಅದನ್ನು ನೀನು ಆಸೆ ಅಂದಿ. ಎಲ್ಲರೂ ನಕ್ಕರು. ಎರಡನೆಯ ಮಾತು ನನ್ನ ಬಾಯಲ್ಲೇ ಉಳಿಯಿತು. ಸುಡಲಿ ಇವನ ಕಣಕಿ, ಆಗ ಸೊಕ್ಕು ಇಳಿಯುತ್ತದೆ ಅಂತ ಮನಸ್ಸಿನಲ್ಲಿ ಅಂದುಕೊಂಡು ತಿರುಗಿದೆ.

ಅಂಗಳ ದಾಟುವಾಗ ಸುಮಿತ್ರಾಬಾಯಿ ಕರೆದರು. "ಮೆಹಬೂಬಣ್ಣಾ, ಯಾಕ ಸಿಟ್ಟಿಲೆ ಹೊಂಟಿ? ಚಾ ಕುಡದು ಹೋಗು" ಅಂದರು. ಕೇಳಿಸಿತು. ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಹೊಗೆ ಕಂಡಾಗ ಓಡಿದೆ. ಅವರ ಸೆರಗು ಹಿಡಿದು ಎಳೆದೆ, ಕೈ ಸುಟ್ಟಿದ್ದು ಆಗಲೇ. ತಡವಾಗಿತ್ತು. ನೀನು ನನ್ನ ಹೆಸರು ಕೂಗಿದಾಗ ಖುದಾನೇ ಕೂಗಿದ ಅನಿಸಿತು. ಯಾವ ಬಾಯಿಂದ ಅಲ್ಲ ಅನ್ನಲಿ? ಕಡ್ಡಿ ಗೀರಿಲ್ಲ ಅನ್ನುವುದು ಖರೆ. ಗೀರದೆಯೇ ಕೊಂದೆ.

ಈಗ ನೀನು ಲಿಂಗ ಹಿಡಿದು ಎಲ್ಲ ತಪ್ಪೂ ನಂದೇ ಅಂದಿ. ಅದನ್ನು ನಿನ್ನೊಬ್ಬನ ತಲೆಯ ಮೇಲೆ ಹೊರಿಸಿ ಮಗಳ ನಿಕಾಹ ಮಾಡಲಾರೆ. ಈ ಪತ್ರ ನಿನ್ನ ಕೈಯಲ್ಲಿದೆ. ಮಟಕಿಗೆ ಒಯ್ದು ತೋರಿಸಬೇಕೆನಿಸಿದರೆ ತೋರಿಸು, ರಮಜಾನಕ್ಕೆ ಇನ್ನೂ ದಿನವಿದೆ. ನಾನು ಏನೂ ಅನ್ನುವುದಿಲ್ಲ. ಬಾ ಅಂದರೆ ಬಂದು ನಿನ್ನ ಮುಂದೆ ನಿಲ್ಲುತ್ತೇನೆ.

ಮೆಹಬೂಬ

*

ಮಾದನಹಿಪ್ಪರಗಾ
೨೪ ಮೇ ೧೯೮೭

ಮೆಹಬೂಬ,

ನಿನ್ನ ಪತ್ರವನ್ನು ಯಾರಿಗೂ ತೋರಿಸಿಲ್ಲ. ಅಕ್ಕನಿಗೂ ಇಲ್ಲ. ಮಟಕಿಗೆ ಹೋಗುವುದಿಲ್ಲ. ನೀನು ಬೆಂಕಿ ಇಟ್ಟಿಲ್ಲ ಅಂತ ಲಿಂಗ ಹಿಡಿದು ಹೇಳಿದ್ದೆ, ಅದು ಇವತ್ತಿಗೂ ಖರೆ. ಮುಮತಾಜಳ ನಿಕಾಹ ನಡೆಯಲಿ. ಅಕ್ಕ ಸೀರೆ ತೆಗೆದುಕೊಂಡು ಬರುತ್ತಾಳೆ, ಕಾರಣ ಹೇಳದೆ ಇಸಿದುಕೊ.

ಗಿಡಕ್ಕೆ ಆಳಂದದಿಂದ ಒಬ್ಬನನ್ನು ಕರೆಸಿದ್ದೆ. ಸುಣ್ಣದ ಗುರುತಿನ ಮೇಲಿನದಷ್ಟನ್ನೇ ತೆಗೆದ. ಮೊದಲು ಕೆಳಗಿನ ಕಚ್ಚು ಅಂತ ನಾನೇ ನಿಂತು ಹೇಳಿ ಮಾಡಿಸಿದೆ. ಕಟ್ಟಿಗೆ ಅವನೇ ಒಯ್ದ.

ಒಂದೂವರೆ ತಿಂಗಳು ನಿನ್ನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬಂತು, ಖರೆ, ಬಹಳ ಬಂತು. ಬೈದಾದರೂ ಹೇಳಬೇಕಿತ್ತಲ್ಲ ಮೆಹಬೂಬ. ನನ್ನ ಮೇಲೆ ಕಲ್ಲು ಒಗೆದಾದರೂ ಹೇಳಬೇಕಿತ್ತು. ಆಮೇಲೆ ನೆನಪಾಗುತ್ತದೆ, ಅವಳೂ ಅದನ್ನೇ ಹೇಳಿದ್ದಳು, ನಾನು ಕೇಳಿದೆನೇ? ನೀನು ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ. ಅದು ಗೊತ್ತಿದ್ದಿದ್ದರೆ ನಿನ್ನನ್ನು ಕ್ಷಮಿಸುವುದೋ ಬಿಡುವುದೋ ಒಂದು ಆಗುತ್ತಿತ್ತು.

ನಿಕಾಹಕ್ಕೆ ನಾನು ಬರುವುದಿಲ್ಲ. ನೀನೂ ಇಲ್ಲಿಗೆ ಬರಬೇಡ. ಸಿಟ್ಟಿಗಲ್ಲ. ಅವಳು ನಿನ್ನನ್ನು ಚಾ ಕುಡಿಯಲು ಕರೆದದ್ದು ನಿನ್ನ ಕಿವಿಯಲ್ಲಿ ಇನ್ನೂ ಇದೆ. ಮರುದಿನ ಸಂತೆಗೆ ಹೊರಟಾಗ ನನಗೆ ಏನಂದಳೋ ಎಷ್ಟು ಜಗ್ಗಿದರೂ ನೆನಪಿಗೆ ಬರುತ್ತಿಲ್ಲ. ನೀನು ಎದುರಿಗೆ ಬಂದರೆ ಅವಳ ದನಿ ಹೇಗಿತ್ತು ಹೇಳೋ ಅಂತ ನಿನ್ನ ಕಾಲು ಹಿಡಿದುಬಿಡುತ್ತೇನೆ.

ಗುರಣ್ಣ